ಕಣ್ಣಲ್ಲಿ ಹುಳು: ನಿಜವೆಷ್ಟು, ಭಯವೆಷ್ಟು?

ಕಣ್ಣಿನ ಬಿಳಿಭಾಗದಿಂದ ವೈದ್ಯರು ದಾರದಂಥ ಹುಳುವನ್ನು ಹೊರಗೆಳೆಯುವ ವಿಡಿಯೊ ಆಗಾಗ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. 'ತರಕಾರಿ ತೊಳೆಯದೆ ತಿಂದರೆ ಹೀಗಾಗುತ್ತದೆ' ಎಂಬ ಎಚ್ಚರಿಕೆಯೂ ಜೊತೆಗಿರುತ್ತದೆ. ಕಣ್ಣಲ್ಲಿ ಹುಳು ಸಿಗುವುದು ನಿಜ. ಆದರೆ ಅದು ಬರುವ ದಾರಿ ಬೇರೆ.

ಕರ್ನಾಟಕದ ಕರಾವಳಿ ಮತ್ತು ಕೇರಳದಿಂದ ವರದಿಯಾದ ಇಂಥ ಪ್ರಕರಣಗಳಲ್ಲಿ ಪದೇ ಪದೇ ಕಾಣುವ ಹೆಸರು ಡೈರೋಫೈಲೇರಿಯಾ ರೆಪೆನ್ಸ್. ಇದು ಮೂಲತಃ ನಾಯಿಗಳ ಹುಳು. ಸೋಂಕಿರುವ ನಾಯಿಯ ರಕ್ತ ಹೀರಿದ ಸೊಳ್ಳೆಯ ದೇಹದಲ್ಲಿ ಇದರ ಮರಿ ಬೆಳೆಯುತ್ತದೆ. ಅದೇ ಸೊಳ್ಳೆ ಮುಂದೆ ನಮ್ಮನ್ನು ಕಚ್ಚಿದಾಗ ಮರಿ ಚರ್ಮದೊಳಗೆ ಸೇರುತ್ತದೆ. ಹೀಗೆ ಸೇರಿದ ಹುಳು ಕೆಲವೊಮ್ಮೆ ಕಣ್ಣಿನ ಬಿಳಿಭಾಗವನ್ನು ಹೊದ್ದಿರುವ ತೆಳುಪೊರೆಯ ಅಡಿಗೆ ಬರುತ್ತದೆ. ಆಗ ಕಣ್ಣು ಕೆಂಪಾಗುತ್ತದೆ, ಊದಿಕೊಳ್ಳುತ್ತದೆ, ಒಳಗೇನೋ ಹರಿದಾಡಿದಂತಾಗುತ್ತದೆ.

ಹಾಗಾದರೆ ತರಕಾರಿಯ ಮಾತು ಪೂರ್ತಿ ಸುಳ್ಳೇ? ಅಲ್ಲ. ಹಂದಿಯ ಲಾಡಿಹುಳುವಿನ ಮೊಟ್ಟೆ ಕೊಳಕು ಆಹಾರ, ನೀರಿನ ಮೂಲಕ ಹೊಟ್ಟೆ ಸೇರಿದರೆ, ಅಪರೂಪಕ್ಕೆ ಕಣ್ಣಿನಲ್ಲೂ ಗುಳ್ಳೆಯಂಥ ಚೀಲ ಬೆಳೆಯಬಹುದು. ಆದರೆ ಅದು ದಾರದಂತೆ ಹರಿದಾಡುವ ಹುಳುವಲ್ಲ.

ಅಂಟುತ್ತದೆಯೇ? ಇಲ್ಲ. ಕಣ್ಣಲ್ಲಿ ಹುಳುವಿರುವವರನ್ನು ಮುಟ್ಟಿದರೆ, ಅವರ ಟವೆಲ್ ಬಳಸಿದರೆ ಇದು ಬರುವುದಿಲ್ಲ. ನಾಯಿಯನ್ನು ಮುದ್ದಿಸಿದರೂ ಬರುವುದಿಲ್ಲ. ನಡುವೆ ಸೊಳ್ಳೆ ಬೇಕೇ ಬೇಕು.

ಮರಿ ಹಾಕುತ್ತದೆಯೇ? ಸಾಮಾನ್ಯವಾಗಿ ಇಲ್ಲ. ಮನುಷ್ಯನ ದೇಹ ಅದಕ್ಕೆ ಒಗ್ಗುವುದಿಲ್ಲ. ಹೆಚ್ಚಾಗಿ ಸಿಗುವುದು ಒಂದೇ ಹುಳು. ಕಣ್ಣಿಗೆ ಮರಗಟ್ಟಿಸುವ ಔಷಧ ಹಾಕಿ, ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ತೆಗೆದರೆ ಬಹುತೇಕರಿಗೆ ಅಷ್ಟೇ ಸಾಕು.

ಹುಳುವಿನ ಮಾತ್ರೆ ನಾವೇ ನುಂಗಬಹುದೇ? ಬೇಡ. ಕಣ್ಣಿನ ಹುಳುಗಳೆಲ್ಲ ಒಂದೇ ಅಲ್ಲ. ಆಫ್ರಿಕಾದಲ್ಲಿ ಅನೇಕರ ದೃಷ್ಟಿ ಕಸಿದ 'ನದಿ ಕುರುಡು' ರೋಗಕ್ಕೆ ಐವರ್‌ಮೆಕ್ಟಿನ್ ದೊಡ್ಡ ಅಸ್ತ್ರ. ಅದರ ಮೂಲ ಸಂಶೋಧನೆಗೆ 2015ರಲ್ಲಿ ನೊಬೆಲ್ ಕೂಡ ಬಂತು. ಆದರೆ ಮಧ್ಯ ಆಫ್ರಿಕಾದಲ್ಲಿ ಕಾಣುವ ಲೋವಾ ಲೋವಾ ಎಂಬ ಇನ್ನೊಂದು ಹುಳುವಿನ ಮರಿಗಳು ರಕ್ತದಲ್ಲಿ ವಿಪರೀತ ಇದ್ದವರಿಗೆ ಅದೇ ಮಾತ್ರೆ ಮಿದುಳಿಗೆ ಅಪಾಯ ತಂದದ್ದುಂಟು. ಯಾವ ಹುಳು ಎಂದು ತಿಳಿಯದೆ ಔಷಧ ನಿರ್ಧರಿಸುವಂತಿಲ್ಲ.

ಕಣ್ಣಲ್ಲಿ ಏನೋ ಹರಿದಾಡಿದಂತೆ ಅನಿಸಿದರೆ ಉಜ್ಜಬೇಡಿ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಬಿಡಬೇಡಿ. ಹುಳು ಜಾಗ ಬದಲಿಸಿ ಕಣ್ಮರೆಯಾಗಬಹುದು. ಕಂಡಾಗಲೇ ಮೊಬೈಲ್‌ನಲ್ಲಿ ಫೋಟೊ ತೆಗೆದು, ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ. ಉಳಿದಂತೆ ಮನೆ ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳಿ. ಇಲ್ಲಿ ಕಾಯಬೇಕಾದದ್ದು ಸೊಳ್ಳೆಯನ್ನು, ಸೊಪ್ಪಿನ ಕಟ್ಟನ್ನಲ್ಲ.