ಡಿಗ್ರಿ ಕಮ್ಮಿ ಬಂದವರೆಲ್ಲ ನೀರು ಹಾಕಿದವರಲ್ಲ

ಬೆಳಗ್ಗೆ ಡೈರಿ ಮುಂದಿನ ಸಾಲಿನಲ್ಲಿ ಒಬ್ಬರ ಹಾಲಿಗೆ ಡಿಗ್ರಿ ಕಮ್ಮಿ ಬಂತು ಅಂದರೆ ಹಿಂದೆ ನಿಂತವರ ಬಾಯಿಂದ ಬರುವ ಮೊದಲ ಮಾತು ಯಾವುದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. "ರಾತ್ರಿ ನಲ್ಲಿ ನೀರು ಚೆನ್ನಾಗಿ ಬಂದಿತ್ತಲ್ಲ." ಎಲ್ಲರೂ ನಗುತ್ತಾರೆ. ಹಾಲು ತಂದವರೂ ನಗುತ್ತಾರೆ, ಬೇರೆ ದಾರಿ ಇಲ್ಲದೆ. ಆದರೆ ಆ ಮಾತು ಡೈರಿ ಬಾಗಿಲಲ್ಲೇ ನಿಲ್ಲೋದಿಲ್ಲ. ಮಗಳಿಗೆ ಸಂಬಂಧ ಕೇಳಿಕೊಂಡು ಬಂದವರ ಕಿವಿಗೂ ಬೀಳುತ್ತದೆ.

ನನ್ನ ಅಭಿಪ್ರಾಯ ಇಷ್ಟು: ಹಾಲು ತಂದವರ ಕಣ್ಣೆದುರು ಎರಡನೇ ಸಲ ಟೆಸ್ಟ್ ಮಾಡದೆ ಯಾವ ಡೈರಿಯಲ್ಲೂ ಯಾರ ಮೇಲೂ "ನೀರು" ಅನ್ನುವ ಮಾತು ಹೊರಿಸಬಾರದು. ಸೆಕ್ರೆಟರಿಯೂ ಹೇಳಬಾರದು, ಸಾಲಿನಲ್ಲಿ ನಿಂತವರೂ ಹೇಳಬಾರದು.

ಸದಸ್ಯರಿಗೆ ಸಿಟ್ಟು ಬರುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಎಲ್ಲರ ಹಾಲೂ ಕೊನೆಗೆ ಸೇರುವುದು ಒಂದೇ ಕಡೆಗೆ. ಶೀತಲ ಕೇಂದ್ರದಲ್ಲಿ ಸಂಘದ ಒಟ್ಟು ಹಾಲಿಗೆ ಗುಣಮಟ್ಟ ಬರಲಿಲ್ಲ ಅಂದರೆ ಹೊಡೆತ ಬೀಳುವುದು ಇಡೀ ಸಂಘಕ್ಕೆ. ನೀರು ಬೆರೆಸುವವರು ಇದ್ದಾರೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಡಿಗ್ರಿ ಏರಿಸಲು ಸಕ್ಕರೆ, ಉಪ್ಪು, ಯೂರಿಯಾ ಹಾಕುವ ಪುಣ್ಯಾತ್ಮರೂ ಇದ್ದಾರೆ. ಕುಡಿಯುವುದು ಯಾರದೋ ಮಗು ಅನ್ನುವುದು ಅವರಿಗೆ ನೆನಪಿರುವುದಿಲ್ಲ. ಅಂಥವರನ್ನು ಹಿಡಿಯಲೇಬೇಕು. ಹಿಡಿಯಬೇಕಾದರೆ ಮೊದಲು ನಮ್ಮ ಅಳತೆ ನೆಟ್ಟಗಿರಬೇಕು.

ಈ ಜಗಳ ನಮ್ಮೂರಿನದಷ್ಟೇ ಅಲ್ಲ, ಹೊಸದೂ ಅಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹಾಲನ್ನು ಬರೀ ತೂಕದ ಮೇಲೆ ಕೊಳ್ಳುತ್ತಿದ್ದ ಕಾಲದಲ್ಲಿ ಗಟ್ಟಿ ಹಾಲು ತಂದವರಿಗೂ ನೀರು ಹಾಕಿ ತಂದವರಿಗೂ ಒಂದೇ ದುಡ್ಡು ಸಿಗುತ್ತಿತ್ತು. ಅಲ್ಲಿನ ವಿಶ್ವವಿದ್ಯಾಲಯದ ಸ್ಟೀಫನ್ ಬ್ಯಾಬ್‌ಕಾಕ್ ಎಂಬ ರಸಾಯನಶಾಸ್ತ್ರಜ್ಞ 1890ರಲ್ಲಿ ಹಾಲಿನ ಜಿಡ್ಡು ಅಳೆಯುವ ಸುಲಭದ ವಿಧಾನ ಕಂಡುಹಿಡಿದರು. ಆಸಿಡ್ ಹಾಕಿ, ಬಾಟಲಿ ತಿರುಗಿಸಿ, ಮೇಲೆ ಬಂದ ಜಿಡ್ಡನ್ನು ಗೆರೆ ನೋಡಿ ಓದುವುದು. ಅವರು ಅದಕ್ಕೆ ಪೇಟೆಂಟ್ ಕೂಡ ತೆಗೆದುಕೊಳ್ಳಲಿಲ್ಲ. ಯಾರು ಬೇಕಾದರೂ ಮಾಡಿ ನೋಡಲಿ ಅಂತ ಬಿಟ್ಟರು. ರೈತನೂ ಅಳತೆ ನೋಡಬಹುದು, ಕೊಳ್ಳುವವನೂ ನೋಡಬಹುದು. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಅದೇ.

ಈಗ ನಮ್ಮ ಲ್ಯಾಕ್ಟೋಮೀಟರ್ ವಿಷಯಕ್ಕೆ ಬರೋಣ. ಹಸುವಿನ ಒಳ್ಳೆಯ ಹಾಲಿನಲ್ಲಿ ಅದು ಸುಮಾರು 28ರಿಂದ 30ರವರೆಗೆ ನಿಲ್ಲುತ್ತದೆ. 30 ಇದ್ದ ಹತ್ತು ಲೀಟರ್ ಹಾಲಿಗೆ ಅರ್ಧ ಲೀಟರ್ ನೀರು ಬೆರೆಸಿದರೆ ಒಂದೂವರೆ ಡಿಗ್ರಿಯಷ್ಟು ಇಳಿಯುತ್ತದೆ. ಆದರೆ ನೀರೇ ಹಾಕದೆ, ಆಗ ತಾನೇ ಕರೆದ ಬಿಸಿ ಹಾಲನ್ನು ಹಾಗೇ ತಂದು ಸುರಿದರೂ ಒಂದೆರಡು ಡಿಗ್ರಿ ಕಮ್ಮಿ ತೋರಿಸಬಹುದು. ಬಿಸಿ ಹಾಲು ಹಗುರ, ಅದಕ್ಕೆ. ಅಂದರೆ ಡೈರಿ ಪಕ್ಕದ ಮನೆಯವರು ಕೆಚ್ಚಲಿಂದ ನೇರ ತಂದರೆ ಕಳ್ಳರಂತೆ ಕಾಣುತ್ತಾರೆ, ತೋಟದ ಮನೆಯಿಂದ ಮುಕ್ಕಾಲು ಗಂಟೆ ನಡೆದು ಬಂದವರು ಸಾಚಾ ಅನ್ನಿಸಿಕೊಳ್ಳುತ್ತಾರೆ. ಇನ್ನೊಂದು ತಮಾಷೆ ಇದೆ. ಕೆನೆ ತೆಗೆದರೆ ಡಿಗ್ರಿ ಏರುತ್ತದೆ. ಆಮೇಲೆ ನೀರು ಹಾಕಿ ಸರಿಹೊಂದಿಸಿದರೆ ಲ್ಯಾಕ್ಟೋಮೀಟರ್ ಪಾಪ, ಚೆನ್ನಾಗಿದೆ ಅನ್ನುತ್ತದೆ. ಬರೀ ಡಿಗ್ರಿ ನಂಬಿದರೆ ಸಿಕ್ಕಿಬೀಳುವವರು ಬುದ್ಧಿ ಓಡಿಸದವರು ಮಾತ್ರ.

ಅದಕ್ಕೇ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಎರಡನ್ನೂ ಜೋಡಿಯಾಗಿ ನೋಡಬೇಕು. ಇದನ್ನು ಪ್ರತಿಯೊಬ್ಬ ಸದಸ್ಯರೂ ಕಲಿಯಬಹುದು, ಕಷ್ಟವೇನಿಲ್ಲ. ನೀರು ಬಿದ್ದರೆ ಎರಡೂ ಒಟ್ಟಿಗೆ, ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ. ಫ್ಯಾಟ್ ಮಾತ್ರ ಇಳಿದು ಎಸ್‌ಎನ್‌ಎಫ್ ಸರಿಯಾಗಿದ್ದರೆ ಕರು ಕೊನೆಯ ಹಾಲು ಕುಡಿದಿರಬಹುದು. ಜಿಡ್ಡು ಹೆಚ್ಚಿರುವುದು ಕೊನೆಯ ಹಾಲಿನಲ್ಲೇ. ಇಲ್ಲವೇ ಯಾರೋ ಕೆನೆ ತೆಗೆದಿರಬಹುದು. ಫ್ಯಾಟ್ ಪರವಾಗಿಲ್ಲ, ಎಸ್‌ಎನ್‌ಎಫ್ ಬಿದ್ದಿದೆ ಅಂದರೆ ಹಿಂಡಿ ಬೂಸಾ ಸಾಲದೆ ಬರೀ ಒಣ ಹುಲ್ಲಿನ ಮೇಲೆ ಇರುವ ಹಸು ಇರಬಹುದು, ಬಿಸಿಲ ಧಗೆ ಇರಬಹುದು, ಕೆಚ್ಚಲು ಬಾವು ಶುರುವಾಗಿರಬಹುದು. ಡೈರಿಯ ಮೆಷಿನ್ ಕೂಡ ದೇವರಲ್ಲ. ಕೊಳವೆ ತೊಳೆಯದಿದ್ದರೆ, ಸ್ಯಾಂಪಲ್‌ನಲ್ಲಿ ಗುಳ್ಳೆ ಇದ್ದರೆ, ಕಾಲಕಾಲಕ್ಕೆ ಸರಿಹೊಂದಿಸದಿದ್ದರೆ ಅದೂ ತಪ್ಪು ಹೇಳುತ್ತದೆ.

ನಮ್ಮ ಜಿಲ್ಲೆಯ ಒಂದು ಊರಿನಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ಸಿಕ್ಕಿದ್ದರು. ಎರಡು ಹಸು. ಒಂದು ವಾರ ಎಸ್‌ಎನ್‌ಎಫ್ ಸತತ ಕಮ್ಮಿ ಬಂತು. ಸಾಲಿನಲ್ಲೇ ಮಾತು ಬಂತು. ಆಮೇಲೆ ಡಾಕ್ಟರನ್ನು ಕರೆಸಿದಾಗ ಗೊತ್ತಾಗಿದ್ದು ಒಂದು ಹಸುವಿಗೆ ಕೆಚ್ಚಲು ಬಾವು ಅಂತ. ಇಂಜೆಕ್ಷನ್ ಹಾಕಿಸಿದ ಮೇಲೆ ಡಾಕ್ಟರು ಹೇಳಿದಷ್ಟು ದಿನ ಆ ಹಾಲನ್ನು ಡೈರಿಗೆ ಹಾಕಬಾರದು. ಅವರು ಹಾಕಲಿಲ್ಲ. (ಎಷ್ಟು ಜನ ಹೀಗೆ ನಿಲ್ಲಿಸುತ್ತಾರೆ ಹೇಳಿ?) ಇನ್ನೊಂದು ಹಸುವಿನ ಹಾಲು ಮನೆಗಷ್ಟೇ ಆಗುತ್ತಿತ್ತು. ಹಾಗಾಗಿ ನಾಲ್ಕು ದಿನ ಡೈರಿ ಕಡೆ ಬರಲಿಲ್ಲ. ಊರು ಅದನ್ನು ಓದಿಕೊಂಡದ್ದು ಬೇರೆ ರೀತಿ: ಸಿಕ್ಕಿಬಿದ್ದಳು, ಮುಖ ತೋರಿಸುತ್ತಿಲ್ಲ.

"ನೀರು ಅಂತ ಅಂದಾಗ ಇಪ್ಪತ್ತು ಜನ ಇದ್ದರು ಕಣಪ್ಪ. ಸರಿಹೋಯ್ತು ಅಂತ ಹೇಳೋಕೆ ಒಬ್ಬರೂ ಇರಲಿಲ್ಲ" ಅಂದರು. ಈಗ ಹಾಲನ್ನು ಹೋಟೆಲಿಗೆ ಹಾಕುತ್ತಾರೆ. ಅಲ್ಲಿ ಲೀಟರಿಗೆ ಕಮ್ಮಿ ಸಿಗುತ್ತದೆ, ಸರ್ಕಾರದ ಪ್ರೋತ್ಸಾಹಧನವೂ ಇಲ್ಲ. ಆ ದುಡ್ಡಿನ ನಷ್ಟ ಆ ಒಂದು ವಾರದ ಬಟವಾಡೆಯ ವ್ಯತ್ಯಾಸಕ್ಕಿಂತ ಎಷ್ಟೋ ಪಾಲು ಹೆಚ್ಚು. ಸಂಘಕ್ಕೂ ನಷ್ಟವೇ. ಔಷಧಿ ಹಾಲನ್ನು ತಾನಾಗಿಯೇ ನಿಲ್ಲಿಸಿದ ಒಬ್ಬ ಸದಸ್ಯರನ್ನು ಅದು ಕಳೆದುಕೊಂಡಿದೆ.

ಇನ್ನು ಅದಲು ಬದಲು. 16ನೇ ನಂಬರಿನ ಸ್ಯಾಂಪಲ್ 61ಕ್ಕೆ ಬರೆಯುವುದು, ಒಂದೇ ಹೆಸರಿನ ಇಬ್ಬರ ಲೆಕ್ಕ ಬೆರೆಯುವುದು ಎಲ್ಲ ಡೈರಿಗಳಲ್ಲೂ ಆಗುವಂಥದ್ದು. ಬೆಳಗ್ಗೆ ಒಂದೂವರೆ ಗಂಟೆಯಲ್ಲಿ ನೂರೈವತ್ತು ಜನರ ಹಾಲು ಹಿಡಿಯುವ ಮನುಷ್ಯನ ಕೈ ತಪ್ಪದಿದ್ದರೆ ಆಶ್ಚರ್ಯ. ಅದಕ್ಕೆ ಸೆಕ್ರೆಟರಿಯನ್ನು ಕಳ್ಳ ಅನ್ನುವುದೂ ಅಷ್ಟೇ ಅನ್ಯಾಯ. ಆದರೆ ಚೀಟಿ ಕೊಡದೆ ಇರುವುದಕ್ಕೆ ನೆಪ ಬೇಡ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ ಬರೆದ ಚೀಟಿ ಅವತ್ತೇ ಕೈಗೆ ಬಂದರೆ ತಪ್ಪು ಅವತ್ತೇ ಗೊತ್ತಾಗುತ್ತದೆ. ಬಟವಾಡೆ ದಿನ ಗೊತ್ತಾದರೆ ಅದು ಜಗಳವೇ. ತಪ್ಪು ಹಾಕಿದ್ದು ಗೊತ್ತಾದರೆ ಸಾಲಿನ ಮುಂದೆಯೇ ಹೇಳಬೇಕು, ಒಳಗೆ ಕರೆದು ಕಿವಿಯಲ್ಲಲ್ಲ. ಸದಸ್ಯರಿಗೂ ಒಂದು ಮಾತು: ಅಣ್ಣನ ಮನೆ ಹಾಲು, ನಾದಿನಿ ಮನೆ ಹಾಲು ಎಲ್ಲ ಒಂದೇ ನಂಬರಿಗೆ ಸುರಿದು ಆಮೇಲೆ "ನನ್ನ ಹಸು ಹಾಗಲ್ಲ" ಅಂದರೆ ಯಾರು ಏನು ಹೇಳಲಿಕ್ಕಾಗುತ್ತದೆ?

ಕೊನೆಗೆ ಎಲ್ಲರೂ ಪಿಸುಗುಟ್ಟುವ, ಯಾರೂ ಎದ್ದು ಕೇಳದ ವಿಷಯ: ಸ್ಯಾಂಪಲ್ ಹಾಲು. ಒಬ್ಬರಿಂದ ಹೊತ್ತಿಗೆ 50 ಮಿಲಿ ಲೀಟರ್ ತೆಗೆದರೆ 150 ಜನರಿಗೆ ಏಳೂವರೆ ಲೀಟರ್, ಎರಡು ಹೊತ್ತಿಗೆ 15 ಲೀಟರ್, ತಿಂಗಳಿಗೆ 450 ಲೀಟರ್. ಟೆಸ್ಟಿಗೆ ಖರ್ಚಾಗುವುದು ಅದರಲ್ಲಿ ಸ್ವಲ್ಪ. ಉಳಿದದ್ದು ಮಾರಾಟವಾಗಿ ಸಂಘದ ಖಾತೆಗೆ ಜಮೆಯಾದರೆ ಸಂತೋಷ, ಅದು ಬೋನಸ್ ಆಗಿ ನಮಗೇ ಬರುತ್ತದೆ. ಜಮೆಯಾಗುತ್ತಿದೆಯೋ ಇಲ್ಲವೋ ಅಂತ ಗೊತ್ತಿಲ್ಲದ ಊರಿನಲ್ಲಿ, ನಮ್ಮ ಅರ್ಧ ಲೋಟ ನೀರನ್ನು ಹಿಡಿಯುವವರು ಅವರ 15 ಲೀಟರ್ ಹಾಲನ್ನು ಹೇಳಲಿ ಅಂತ ಜನ ಅಂದುಕೊಳ್ಳುತ್ತಾರೆ. ನೀರು ಹಾಕುವವನ ಮನಸ್ಸಿಗೆ ಸಮಾಧಾನ ಸಿಗುವುದೂ ಇದೇ ಲೆಕ್ಕದಿಂದ.

ಸಂಘದ ವಾರ್ಷಿಕ ಸರ್ವಸದಸ್ಯರ ಸಭೆ ಸೆಪ್ಟೆಂಬರ್ ಒಳಗೆ ನಡೆಯಬೇಕು. ಸಹಿ ಹಾಕಿ, ಟೀ ಬಿಸ್ಕತ್ತು ತಿಂದು ಬರುವ ಸಭೆ ಅದು ಅಂತ ಎಲ್ಲರಿಗೂ ಗೊತ್ತು. ಈ ಸಲ ಸಹಿ ಹಾಕುವ ಮುಂಚೆ ಮೂರು ವಿಷಯ ಕೇಳಿ, ನಡಾವಳಿಯಲ್ಲಿ ಬರೆಸಿ: ಸ್ಯಾಂಪಲ್ ಹಾಲಿನ ದುಡ್ಡು ಯಾವ ಲೆಕ್ಕದಲ್ಲಿದೆ, ಮೆಷಿನ್ ಕೊನೆಯದಾಗಿ ಸರಿಹೊಂದಿಸಿದ್ದು ಯಾವತ್ತು, ಮತ್ತು ಡಿಗ್ರಿ ಕಮ್ಮಿ ಬಂದವರ ಹಾಲನ್ನು ಆರಿಸಿ ಅವರೆದುರೇ ಮತ್ತೆ ಟೆಸ್ಟ್ ಮಾಡುತ್ತಾರೋ ಇಲ್ಲವೋ.