ಖಾಲಿದ್ ಜಮೀಲ್ ಬಂದರು; ಅಭಿಮಾನಿಗಳ ಸಿಟ್ಟು ಎತ್ತ ಹೋಗಬೇಕು?

2025ರ ಆಗಸ್ಟ್ 1ರಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಪುರುಷರ ರಾಷ್ಟ್ರೀಯ ತಂಡಕ್ಕೆ ಖಾಲಿದ್ ಜಮೀಲ್ ಅವರನ್ನು ಮುಖ್ಯ ಕೋಚ್ ಆಗಿ ನೇಮಿಸಿತು. 2012ರಲ್ಲಿ ಸಾವಿಯೊ ಮೆಡೀರಾ ಹುದ್ದೆ ಬಿಟ್ಟ ಮೇಲೆ, ಅಂದರೆ 13 ವರ್ಷಗಳ ನಂತರ, ಭಾರತೀಯರೊಬ್ಬರು ಆ ಜಾಗಕ್ಕೆ ಬಂದಿದ್ದರು. ಟೈಮ್‌ಲೈನ್ ತುಂಬಾ ಒಂದೇ ಮಾತು: ಕೊನೆಗೂ ನಮ್ಮವನೊಬ್ಬ ಬಂದ.

ಇದೇ ಅಭಿಮಾನಿಗಳು ಒಂದು ವಾರದ ಹಿಂದೆ ನಗುತ್ತಾ, ತಲೆ ಚಚ್ಚಿಕೊಳ್ಳುತ್ತಾ ಇದ್ದರು. ಹುದ್ದೆಗೆ ಬಂದ 170 ಅರ್ಜಿಗಳಲ್ಲಿ ಬಾರ್ಸಿಲೋನಾದ ಮಾಜಿ ಕೋಚ್ ಷಾವಿ ಹೆಸರೂ ಇದೆ ಅಂತ ಸುದ್ದಿ ಹೊರಬಿದ್ದಿತ್ತು. ಆಮೇಲೆ ಫೆಡರೇಷನ್ನೇ ಹೇಳಿಕೆ ಕೊಟ್ಟು, ಷಾವಿ ಮತ್ತು ಪೆಪ್ ಗಾರ್ಡಿಯೋಲಾ ಹೆಸರಿನಲ್ಲಿ ಬಂದ ಇಮೇಲ್‌ಗಳು ಅಸಲಿ ಅಲ್ಲ ಎಂದಿತು. ಒಂದು ದೇಶದ ತಂಡದ ಕೋಚ್ ಆಯ್ಕೆ ನಡೆಯುತ್ತಿರುವಾಗ, ಅರ್ಜಿ ಹಾಕಿದವರು ಯಾರು ಅಂತ ಖಚಿತಪಡಿಸಿಕೊಳ್ಳುವ ಮೊದಲೇ ಹೆಸರು ಹೊರಬಂದಿತ್ತು. ಮೀಮ್‌ಗಳಿಗೆ ಬರವಿರಲಿಲ್ಲ.

ಆ ನಗುವಿನ ಪಕ್ಕದಲ್ಲಿಟ್ಟು ನೋಡಿದರೆ ಆಗಸ್ಟ್ 1ರ ಖುಷಿ ಅರ್ಥವಾಗುತ್ತೆ. ಜಮೀಲ್ ಶಿಫಾರಸಿನ ಮೇಲೆ ಬಂದವರಲ್ಲ. 2016-17ರಲ್ಲಿ ಮಿಜೋರಾಂನ ಐಜಾಲ್ ಎಫ್‌ಸಿಯನ್ನು ಐ-ಲೀಗ್ ಚಾಂಪಿಯನ್ ಮಾಡಿದವರು ಅವರು. ಹಿಂದಿನ ಸೀಸನ್ನಿನಲ್ಲಿ ಕೆಳಗಿನ ದರ್ಜೆಗೆ ಜಾರಿ, ಹೇಗೋ ಮತ್ತೆ ಅವಕಾಶ ಪಡೆದಿದ್ದ ತಂಡ ಅದು. ಇಂಡಿಯನ್ ಸೂಪರ್ ಲೀಗ್‌ನಲ್ಲಿ ಕ್ಲಬ್ಬೊಂದರ ಕಾಯಂ ಮುಖ್ಯ ಕೋಚ್ ಆದ ಮೊದಲ ಭಾರತೀಯರೂ ಅವರೇ. 2014ರಲ್ಲಿ ಶುರುವಾದ ಲೀಗ್ ಆ ದಿನ ನೋಡಲು 2021ರವರೆಗೆ ಕಾಯಬೇಕಾಯಿತು. 2024-25ರಲ್ಲಿ ಪ್ಲೇಆಫ್‌ಗೆ ಹೋದ ಆರು ತಂಡಗಳ ಪೈಕಿ ಭಾರತೀಯ ಕೋಚ್ ಇದ್ದದ್ದು ಅವರ ಜಮ್ಷೆಡ್‌ಪುರಕ್ಕೆ ಮಾತ್ರ.

ಹಾಗಾಗಿ 'ನಮ್ಮವನು' ಅನ್ನುವ ಭಾವನೆಯನ್ನು ಬರೀ ದೇಶಾಭಿಮಾನದ ಭಾವುಕತೆ ಅಂತ ತಳ್ಳಿಹಾಕಲು ಆಗಲ್ಲ. ಇಲ್ಲಿನ ಕೋಚ್‌ಗಳಿಗೆ ಬಾಗಿಲು ಮುಚ್ಚಿತ್ತು ಅನ್ನೋದು ಸತ್ಯ. ಅದನ್ನು ಅಭಿಮಾನಿಗಳು ಗುರುತಿಸಿದ್ದು ಸರಿ. ಇತಿಹಾಸವೂ ಅವರ ಪರವಾಗಿದೆ. ಹೈದರಾಬಾದಿನಲ್ಲಿ ಶಿಕ್ಷಕರಾಗಿದ್ದ ಸೈಯದ್ ಅಬ್ದುಲ್ ರಹೀಂ ಕೋಚ್ ಆಗಿದ್ದಾಗಲೇ ಭಾರತ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದದ್ದು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದದ್ದು.

ಆದರೆ ನೇಮಕದ ಸುತ್ತ ನಡೆದ ಚರ್ಚೆ ಎಲ್ಲಿಗೆ ಹೋಗಿ ನಿಂತಿತು ನೋಡಿ. ಭಾರತೀಯನಾ, ವಿದೇಶಿಯಾ? ರಕ್ಷಣಾತ್ಮಕ ಆಟವಾ, ಪಾಸಿಂಗ್ ಆಟವಾ? ಒಂದು ಬಣ ಸ್ವದೇಶಿ ಅಂತ ಸಂಭ್ರಮಿಸಿತು. ಇನ್ನೊಂದು ಬಣ ಜಮೀಲ್ ಅವರದ್ದು ಹಳೇ ಶೈಲಿ, ಚೆಂಡು ಉದ್ದಕ್ಕೆ ಒದ್ದು ಓಡೋದು ಅಂತ ಮೂಗು ಮುರಿಯಿತು. ಎರಡೂ ಬಣಗಳು ಕೋಚ್ ಬಗ್ಗೆಯೇ ಮಾತಾಡಿದವು. ಕೋಚ್ ನೇಮಿಸುವವರ ಬಗ್ಗೆ ಮಾತು ಕಡಿಮೆಯಾಯಿತು.

ಹಿಂದಿನ ಕೋಚ್‌ಗಳ ಕಥೆ ತೆಗೆದು ನೋಡಿ. 2023ರ ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧ ಪೆನಾಲ್ಟಿ ಶೂಟೌಟ್ ಗೆದ್ದು ಭಾರತ ಸ್ಯಾಫ್ ಕಪ್ ಎತ್ತಿದಾಗ ಇಗೋರ್ ಸ್ಟಿಮಾಕ್ ಹೀರೋ. ಅದೇ ತಿಂಗಳು ಭಾರತದ ಫಿಫಾ ರ್‍ಯಾಂಕ್ 99. ಒಂದು ವರ್ಷದೊಳಗೆ, 2024ರ ಜೂನ್‌ನಲ್ಲಿ, ಅವರನ್ನು ಕಿತ್ತುಹಾಕಿ, ಪರಿಹಾರವಾಗಿ ಸುಮಾರು 4 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು. ನಂತರ ಬಂದ ಮನೋಲೊ ಮಾರ್ಕೆಜ್ ಅವರಿಗೆ ಎಫ್‌ಸಿ ಗೋವಾ ಕೆಲಸದ ಜೊತೆಗೇ ರಾಷ್ಟ್ರೀಯ ತಂಡವನ್ನೂ ವಹಿಸಲಾಯಿತು. ಎಂಟು ಪಂದ್ಯ, ಒಂದೇ ಗೆಲುವು. ಅವರು ಹೊರಟ 2025ರ ಜುಲೈ ಹೊತ್ತಿಗೆ ರ್‍ಯಾಂಕ್ 133.

ಕೋಚ್ ಬದಲಾದಾಗಲೆಲ್ಲ ನಮ್ಮ ಲೆಕ್ಕವೂ ಸೊನ್ನೆಯಿಂದ ಶುರುವಾಗುತ್ತೆ. ಫೆಡರೇಷನ್ನಿಗೆ ಬೇಕಾಗಿರುವುದೂ ಅದೇ. ಎಂಜಿನಿಯರಿಂಗ್ ಓದಿದವರಿಗೆ ಈ ಚಾಳಿ ಗೊತ್ತಿರುತ್ತೆ: ಸರ್ವರ್ ಪದೇ ಪದೇ ಬಿದ್ದರೆ, ಡಿಸೈನ್ ಸರಿ ಇದೆಯಾ ಅಂತ ನೋಡದೆ, ಆ ರಾತ್ರಿ ಡ್ಯೂಟಿಯಲ್ಲಿದ್ದ ಹುಡುಗನನ್ನು ಬದಲಾಯಿಸೋದು. ಮುಂದಿನ ಸಲ ಬಿದ್ದಾಗ ಬೈಯೋಕೆ ಹೊಸ ಹುಡುಗ ಸಿಕ್ಕಿರುತ್ತಾನೆ.

ಜಮೀಲ್ ಬಂದ ವಾರವೇ ಆ ಡಿಸೈನ್ ಎಷ್ಟು ಹಾಳಾಗಿದೆ ಅನ್ನೋದು ಬಯಲಾಗಿತ್ತು. ಐಎಸ್‌ಎಲ್ ನಡೆಸುತ್ತಿದ್ದ, ರಿಲಯನ್ಸ್ ಸಮೂಹದ ಎಫ್‌ಎಸ್‌ಡಿಎಲ್ ಕಂಪನಿಯ ಜೊತೆ ಫೆಡರೇಷನ್ನಿಗಿದ್ದ, 2010ರಲ್ಲಿ ಶುರುವಾದ 15 ವರ್ಷದ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯಬೇಕಿತ್ತು. ವರ್ಷಕ್ಕೆ 50 ಕೋಟಿ ರೂಪಾಯಿ ತರುತ್ತಿದ್ದ ಒಪ್ಪಂದ ಅದು. ಮುಗಿಯುವ ದಿನಾಂಕ 15 ವರ್ಷ ಮೊದಲೇ ಗೊತ್ತಿದ್ದರೂ ಮುಂದೇನು ಅನ್ನುವುದು ತೀರ್ಮಾನವಾಗಿರಲಿಲ್ಲ. ಜುಲೈನಲ್ಲಿ ಸೀಸನ್ ತಡೆಹಿಡಿಯಲಾಯಿತು. ಆಗಸ್ಟ್ 4ರಂದು, ಅಂದರೆ ಜಮೀಲ್ ನೇಮಕವಾದ ಮೂರೇ ದಿನಕ್ಕೆ, ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟಾವಧಿಗೆ ನಿಲ್ಲಿಸುವುದಾಗಿ ಪ್ರಕಟಿಸಿತು. ಲೀಗ್ ನಡೆಯುತ್ತಾ ಇಲ್ಲವಾ ಅಂತ ಗೊತ್ತಿಲ್ಲದ, ತಿಂಗಳ ಸಂಬಳವೂ ಖಾತ್ರಿ ಇಲ್ಲದ ಆಟಗಾರರನ್ನು ಕಟ್ಟಿಕೊಂಡು ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿರಿ ಅಂತ ಹೊಸ ಕೋಚ್‌ಗೆ ಹೇಳಿದಂತಾಯಿತು.

ಆದರೂ ಆರಂಭ ಚೆನ್ನಾಗಿಯೇ ಆಯಿತು. ಆಗಸ್ಟ್ ಕೊನೆಗೆ ನಡೆದ ಕಾಫಾ ನೇಷನ್ಸ್ ಕಪ್‌ಗೆ ಮೋಹನ್ ಬಾಗಾನ್ ತನ್ನ ಆಟಗಾರರನ್ನು ಬಿಟ್ಟುಕೊಡಲಿಲ್ಲ. ಅಷ್ಟಾದರೂ ಭಾರತ ತಜಕಿಸ್ತಾನವನ್ನು 2-1ರಿಂದ ಸೋಲಿಸಿತು, ಒಮಾನ್ ವಿರುದ್ಧ ಶೂಟೌಟ್ ಗೆದ್ದು ಮೂರನೇ ಸ್ಥಾನ ಪಡೆಯಿತು. 'ಸ್ವದೇಶಿ' ಬಣ ಗೆದ್ದೆವು ಅಂದುಕೊಂಡಿತು. ಅಕ್ಟೋಬರ್ ಬಂತು. ಸಿಂಗಪುರದಲ್ಲಿ 1-1. ಅಕ್ಟೋಬರ್ 14ರಂದು ಗೋವಾದ ಫಟೋರ್ಡಾದಲ್ಲಿ, ಮೊದಲ ಗೋಲು ಹೊಡೆದೂ 1-2 ಸೋಲು. 2027ರ ಏಷ್ಯನ್ ಕಪ್ ಕನಸು ಅಲ್ಲಿಗೆ ಮುಗಿಯಿತು. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶಕ್ಕೆ 0-1ರಿಂದ ಸೋತೆವು. ಅವರೆದುರು 22 ವರ್ಷಗಳಲ್ಲಿ ಮೊದಲ ಸೋಲು.

ನನ್ನ ಆತಂಕ ಇರೋದು ಇಲ್ಲಿ. ಸ್ಟಿಮಾಕ್ ಸೋತಾಗ ಸ್ಟಿಮಾಕ್ ಸೋತರು. ಕ್ರೊಯೇಷಿಯಾದವರಿಗೆ ಕೋಚಿಂಗ್ ಬರಲ್ಲ ಅಂತ ಯಾರೂ ಅನ್ನಲಿಲ್ಲ. ಜಮೀಲ್ ಸೋತರೆ ಸೋಲುವುದು ಭಾರತೀಯ ಕೋಚ್‌ಗಳು ಅನ್ನುವ ಇಡೀ ವರ್ಗ. 'ಇವರ ಕೈಲಿ ಆಗಲ್ಲ, ಮೊದಲೇ ಹೇಳಿರಲಿಲ್ವಾ' ಎಂದು ಆಡಿಕೊಳ್ಳುವುದು ಆಗ ಬಹಳ ಸುಲಭ. ಬಾಗಿಲು ಮತ್ತೆ ಮುಚ್ಚಿದರೆ ಮುಂದಿನವರಿಗೆ ಇನ್ನೆಷ್ಟು ವರ್ಷ ಕಾಯಿಸುತ್ತಾರೋ. ಸದಾ ಹೊರಗಿಟ್ಟವರಿಗೆ ಮನೆ ಕುಸಿಯುವ ಹೊತ್ತಿಗೆ ಬೀಗದ ಕೈ ಕೊಡೋದು, ಕುಸಿದ ಮೇಲೆ ಅವರನ್ನೇ ದೂರೋದು. ರಾಜಕೀಯ ಗಮನಿಸುವವರಿಗೆ ಇದು ಹೊಸ ಆಟವೇನಲ್ಲ.

ಹಾಗಂತ ಜಮೀಲ್ ಅವರನ್ನು ಟೀಕಿಸಲೇಬಾರದಾ? ಖಂಡಿತ ಟೀಕಿಸಬೇಕು. ಸ್ವಂತ ನೆಲದಲ್ಲಿ ಮುನ್ನಡೆ ಪಡೆದು ಸೋತ ಪಂದ್ಯಕ್ಕೆ ಕೋಚ್ ಉತ್ತರ ಕೊಡಬೇಕು, ಆತ ಯಾವ ದೇಶದವನಾದರೂ ಸರಿ. ಆದರೆ ಕೋಚ್‌ಗೆ ಕೇಳುವ ಪ್ರಶ್ನೆ ಕೋಚ್‌ಗೆ, ಫೆಡರೇಷನ್ನಿಗೆ ಕೇಳುವ ಪ್ರಶ್ನೆ ಫೆಡರೇಷನ್ನಿಗೆ. ತಂಡ ಯಾಕೆ ಮುನ್ನಡೆ ಉಳಿಸಿಕೊಳ್ಳಲಿಲ್ಲ ಅನ್ನೋದು ಮೊದಲ ಬಗೆಯದ್ದು. ತಂಡದ ಆಟಗಾರರಿಗೆ ಆಡಲು ಲೀಗೇ ಯಾಕೆ ಇರಲಿಲ್ಲ ಅನ್ನೋದು ಎರಡನೆಯದ್ದು.

ಅಭಿಮಾನಿಗಳಿಂದ ಏನಾಗುತ್ತೆ ಅಂತ ಕೇಳುವವರು 2018ರ ಜೂನ್ ನೆನಪಿಸಿಕೊಳ್ಳಿ. ಮುಂಬೈನಲ್ಲಿ ಭಾರತ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿದ್ದನ್ನು ನೋಡಲು ಬಂದವರು 2,569 ಜನ. ಬೈಯಿರಿ, ಟೀಕಿಸಿ, ಆದರೆ ಕ್ರೀಡಾಂಗಣಕ್ಕೆ ಬನ್ನಿ ಅಂತ ಸುನಿಲ್ ಛೆಟ್ರಿ ವಿಡಿಯೊದಲ್ಲಿ ಕೇಳಿಕೊಂಡರು. ಮುಂದಿನ ಪಂದ್ಯದ ಟಿಕೆಟ್ ಪೂರ್ತಿ ಖಾಲಿ. ಈ ಶಕ್ತಿಯನ್ನು ಬರೀ ಗ್ಯಾಲರಿ ತುಂಬಿಸೋಕೆ ಬಳಸಿದರೆ ಸಾಲದು.

ಬಳಸಲು ದಾರಿಯೂ ಇದೆ. 2025ರ ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟ್, ನಿವೃತ್ತ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಸಿದ್ಧಪಡಿಸಿದ ಫೆಡರೇಷನ್ ಸಂವಿಧಾನದ ಕರಡನ್ನು ಕೆಲವು ಮಾರ್ಪಾಡುಗಳೊಂದಿಗೆ ಒಪ್ಪಿಕೊಂಡಿತು. ಫೆಡರೇಷನ್ ಹೇಗೆ ನಡೆಯಬೇಕು, ಯಾರು ಎಷ್ಟು ಕಾಲ ಕುರ್ಚಿಯಲ್ಲಿರಬಹುದು, ಮಾಜಿ ಆಟಗಾರರ ದನಿ ಎಲ್ಲಿರಬೇಕು ಅನ್ನೋದೆಲ್ಲ ಅದರ ವಿಷಯ. ಜಮೀಲ್ ಅವರ ಫಾರ್ಮೇಷನ್ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವ ನಮ್ಮಲ್ಲಿ ಎಷ್ಟು ಜನ ಆ ದಾಖಲೆ ತೆರೆದು ನೋಡಿದ್ದೇವೆ?

ಮುಂದಿನ ಕೋಚ್ ಬಂದಾಗ, ಅದು ಯಾವಾಗಲಾದರೂ ಇರಲಿ, ಮೂರು ಪ್ರಶ್ನೆ ಮೊದಲ ದಿನವೇ ಕೇಳೋಣ. ಇವರನ್ನು ಯಾವ ಮಾನದಂಡದ ಮೇಲೆ ಆರಿಸಿದಿರಿ? ಇವರಿಗೆ ಎಷ್ಟು ಸಮಯ ಕೊಡುತ್ತೀರಿ? ಇವರ ಆಟಗಾರರು ಈ ವರ್ಷ ಯಾವ ಲೀಗ್‌ನಲ್ಲಿ, ಎಷ್ಟು ಪಂದ್ಯ ಆಡುತ್ತಾರೆ? ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನೋದನ್ನು ಆಮೇಲೆ ನಿಧಾನವಾಗಿ ಮಾತಾಡಿಕೊಳ್ಳಬಹುದು.