ನಾಯಿಯ ತಪ್ಪೊಪ್ಪಿಗೆ

ಮನೆಯ ಯಜಮಾನರು ಪೇಟೆಯಿಂದ ಹಿಂದಿರುಗುವರು. ಪಡಸಾಲೆಯಲ್ಲಿ ಚಪ್ಪಲಿಯೊಂದು ಚೂರುಚೂರಾಗಿ ಬಿದ್ದಿರುವುದು. ನಾಯಿಯು ಕಿವಿಗಳನ್ನು ಹಿಂದಕ್ಕೆ ಮಡಿಸಿ, ಬಾಲವನ್ನು ಕಾಲುಗಳ ನಡುವೆ ಅಡಗಿಸಿ, ಮೋರೆಯನ್ನು ತಿರುಗಿಸಿಕೊಂಡು ಮೂಲೆಯಲ್ಲಿ ಮುದುಡುವುದು. "ನೋಡಿರಿ, ತನ್ನ ತಪ್ಪು ಅದಕ್ಕೇ ಗೊತ್ತು" ಎಂದು ಯಜಮಾನರು ಬೆತ್ತವನ್ನು ಕೈಗೆ ತೆಗೆದುಕೊಳ್ಳುವರು. ಈ ವಿಚಾರಣೆಯು ನ್ಯಾಯವೇ ಎಂಬುದನ್ನು ಈ ತಿಂಗಳು ವಾಚಕರೊಡನೆ ಪರ್ಯಾಲೋಚಿಸುವೆವು.

2009ರಲ್ಲಿ ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿದುಷಿಯು 14 ನಾಯಿಗಳನ್ನು ಪರೀಕ್ಷಿಸಿ ಅದರ ಫಲವನ್ನು ಪ್ರಕಟಿಸಿದರು. ತಿನಿಸೊಂದನ್ನು ತೋರಿಸಿ, ಮುಟ್ಟಕೂಡದೆಂದು ಆಜ್ಞಾಪಿಸಿ, ಒಡೆಯರು ಕೊಠಡಿಯಿಂದ ಹೊರಕ್ಕೆ ಹೋಗುವರು. ಅವರು ಮರಳಿದಾಗ ನಾಯಿಯು ತಿಂದಿತೋ ಇಲ್ಲವೋ ಎಂಬುದನ್ನು ಪರೀಕ್ಷಕರು ತಿಳಿಸುವರು. ಕೆಲವು ಸಲ ಬೇಕೆಂದೇ ಸುಳ್ಳನ್ನು ಹೇಳುವರು. ಹೀಗೆ ತಿಂದ ನಾಯಿಗೆ ಅಕ್ಕರೆಯೂ ತಿನ್ನದ ನಾಯಿಗೆ ಗದರಿಕೆಯೂ ದೊರೆತುದುಂಟು. ಅಪರಾಧಿಯ ಆ ಮುಖಭಾವವು ತಿಂದುದನ್ನು ಅನುಸರಿಸಿ ಬರಲಿಲ್ಲ, ಗದರಿಕೆಯನ್ನು ಅನುಸರಿಸಿ ಬಂದಿತು. ಏನೂ ತಪ್ಪುಮಾಡದೆ ಗದರಿಸಿಕೊಂಡ ನಾಯಿಗಳಲ್ಲಿಯೇ ಅದು ಹೆಚ್ಚಾಗಿ ಕಂಡಿತಂತೆ! ನಾವು ಪಶ್ಚಾತ್ತಾಪವೆಂದು ಓದುವುದು ಬಹುಮಟ್ಟಿಗೆ ಅಂಜಿಕೆ. ಮುನಿದವರನ್ನು ತಣಿಸುವ ಯತ್ನ.

ಗಂಟೆಯ ಹಿಂದಿನ ಕಾರ್ಯಕ್ಕೆ ಈಗ ಬಿದ್ದ ಏಟನ್ನು ನಾಯಿಯು ಹೊಂದಿಸಿಕೊಳ್ಳಲಾರದು. ಯಜಮಾನರು ಬಂದರು, ಏಟು ಬಿದ್ದಿತು. ಇಷ್ಟೇ ಅದರ ಪಾಠ. ಗುರುಗುಟ್ಟಿದುದಕ್ಕಾಗಿ ಹೊಡೆಯುವುದಂತೂ ಇನ್ನೂ ಅಪಾಯಕರ. ಗುರುಗುಟ್ಟುವಿಕೆಯು "ದೂರವಿರು" ಎಂಬ ಎಚ್ಚರಿಕೆ. ಅದನ್ನು ಬಾಯಿಮುಚ್ಚಿಸಿದರೆ ಅಂಜಿಕೆಯು ಹೋಗದು, ಎಚ್ಚರಿಕೆಯು ಮಾತ್ರ ಹೋಗುವುದು. ಮುಂದೊಂದು ದಿನ ಅಂಬೆಗಾಲಿಡುವ ಮಗುವು ಬಾಲವನ್ನು ಹಿಡಿದಾಗ ಸುಳಿವಿಲ್ಲದೆ ಹಲ್ಲು ತಗಲುವುದು. ಗುರುಗುಟ್ಟಿದಾಗ ಮಗುವನ್ನು ಎತ್ತಿಕೊಂಡು, ನಾಯಿಗೆ ಅಂಜಿಕೆಯಾದುದು ಏತರಿಂದ, ಅಥವಾ ಎಲ್ಲಿಯಾದರೂ ನೋವಿದೆಯೇ ಎಂದು ನೋಡತಕ್ಕದ್ದು.

ಹಲ್ಲು ಬದಲಾಗುವ ತಿಂಗಳುಗಳಲ್ಲಿ ಮರಿಯು ಕಚ್ಚಿಯೇ ತೀರುವುದು. ಚಪ್ಪಲಿಯನ್ನು ಗೂಡಿನಲ್ಲಿಟ್ಟು, ಕಚ್ಚಲು ಬೇರೊಂದನ್ನು ಕೊಡಬೇಕು. ಬೇಯಿಸಿದ ಮೂಳೆ ಬೇಡ, ಸೀಳಿ ಗಂಟಲಿಗೆ ಚುಚ್ಚೀತು. ಕುಳಿತುಕೊಳ್ಳುವುದನ್ನು ಕಲಿಸಲು ಬೆತ್ತವೇಕೆ? ರೊಟ್ಟಿಯ ಚೂರನ್ನು ಮೂಗಿನ ಬಳಿ ಹಿಡಿದು ಮೆಲ್ಲನೆ ತಲೆಯ ಹಿಂದಕ್ಕೆ ಒಯ್ಯಿರಿ. ತಲೆಯು ಮೇಲೇರಿದಂತೆ ಹಿಂಭಾಗವು ತಾನಾಗಿ ನೆಲಕ್ಕಿಳಿಯುವುದು. ಇಳಿದ ಕ್ಷಣದಲ್ಲಿಯೇ ಚೂರು ಬಾಯಿಗೆ ಸೇರಬೇಕು, ತಡವಾದರೆ ಪ್ರಯೋಜನವಿಲ್ಲ. ದಿನಕ್ಕೆರಡು ಸಲ, ಐದೈದು ನಿಮಿಷ ಸಾಕು. ಆದರೆ ಅಜ್ಜಿಯವರು "ಕೂತ್ಕೋ" ಎಂದು, ಮಕ್ಕಳು "ಸಿಟ್" ಎಂದು, ಯಜಮಾನರು "ಏಯ್" ಎಂದು ಹೇಳುತ್ತಿದ್ದರೆ ಯಾವ ನಾಯಿಯೂ ಕಲಿಯದು; ಮೊದಲು ಮನೆಯವರೆಲ್ಲರೂ ಕುಳಿತು ಒಂದು ಮಾತನ್ನು ಗೊತ್ತುಮಾಡಿಕೊಳ್ಳಲಿ.